ರಕ್ತ ಕಮ್ಮಿ ಇದೆ ಅಂದರೆ, ಏಕೆ ಎಂದು ಕೇಳಿ

(ನಮ್ಮೂರಿನ ಗ್ರಂಥಾಲಯದ ಸಭಾಂಗಣದಲ್ಲಿ ಕ್ಯಾನ್ಸರ್ ರೋಗಿಗಳ ಮನೆಯವರ ಮುಂದೆ ಒಂದು ಭಾನುವಾರ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಅಂದು ಹೇಳಲು ಮರೆತದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಪೆಥಾಲಜಿ ಓದಿದ ಡಾಕ್ಟರು. ಅಂದರೆ, ನಿಮ್ಮಲ್ಲಿ ಹೆಚ್ಚಿನವರು ಕಂಡಿರದ ಡಾಕ್ಟರು. ನಿಮ್ಮ ತೋಳಿನಿಂದ ತೆಗೆದ ರಕ್ತ ನನ್ನ ಹತ್ತಿರ ಬರುತ್ತದೆ, ನೀವು ಬರುವುದಿಲ್ಲ. ಅದರ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಅದಕ್ಕೆ ಸ್ಮಿಯರ್ ಅನ್ನುತ್ತೇವೆ. ರಿಪೋರ್ಟಿನಲ್ಲಿ ಎಲ್ಲರೂ ಹಿಮೋಗ್ಲೋಬಿನ್ನಿನ ಅಂಕಿ ನೋಡುತ್ತಾರೆ. ಕೆಳಗೆ ಸ್ಮಿಯರ್ ಬಗ್ಗೆ ಎರಡು ಸಾಲು ಬರೆದಿರುತ್ತೇವಲ್ಲ, ಅದನ್ನು ಓದುವವರು ಕಡಿಮೆ. ಇವತ್ತು ಆ ಎರಡು ಸಾಲಿನ ಪರವಾಗಿ ಮಾತಾಡಲು ಬಂದಿದ್ದೇನೆ.

ಒಬ್ಬ ಅಡಿಕೆ ಬೆಳೆಗಾರರ ಕತೆಯಿಂದ ಶುರು ಮಾಡುತ್ತೇನೆ. ಐವತ್ತೆಂಟು ವರ್ಷ, ಬೀಡಿ ಸಿಗರೇಟು ಯಾವುದೂ ಇಲ್ಲ. ತೋಟದಿಂದ ಮನೆಗೆ ಬರುವ ದರೆ ಹತ್ತುವಾಗ ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 6.8. ಕಬ್ಬಿಣದ ಮಾತ್ರೆ, ಟಾನಿಕ್ಕು ಕೊಟ್ಟರು. ಎರಡು ತಿಂಗಳಿಗೆ 9ಕ್ಕೆ ಏರಿತು, ಎಲ್ಲರಿಗೂ ಸಮಾಧಾನವಾಯಿತು. ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ 7. ಮತ್ತೆ ಮಾತ್ರೆ. ಹೀಗೆ ಎಂಟು ತಿಂಗಳು ಕಳೆಯಿತು. ಅವರ ಸ್ಮಿಯರ್ ನನ್ನ ಮುಂದೆ ಬಂದಾಗ ಕಂಡದ್ದು ಕೋಡುಬಳೆಗಳ ರಾಶಿ.

ಕೋಡುಬಳೆ ಅಂದದ್ದು ಏಕೆಂದರೆ, ಆರೋಗ್ಯವಂತ ಕೆಂಪು ಕಣ ಉದ್ದಿನವಡೆಯ ಹಾಗಿರುತ್ತದೆ. ತೂತು ಪೂರ್ತಿ ಬಿದ್ದಿರುವುದಿಲ್ಲ, ನಡುವೆ ಎರಡೂ ಕಡೆಯಿಂದ ಒತ್ತಿದಂತೆ ಹಳ್ಳ ಇರುತ್ತದೆ. ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ಅದರೊಳಗೆ ತುಂಬಿರುವುದು ಹಿಮೋಗ್ಲೋಬಿನ್. ಕಬ್ಬಿಣ ಸಾಲದೆ ಹೋದರೆ ಹಿಮೋಗ್ಲೋಬಿನ್ ತುಂಬುವುದಿಲ್ಲ, ಕಣ ಸಣ್ಣದಾಗುತ್ತದೆ, ನಡುವಿನ ಬಿಳುಪು ಹರಡಿ ಅಂಚಿನಲ್ಲಿ ಮಾತ್ರ ಬಣ್ಣದ ಬಳೆ ಉಳಿಯುತ್ತದೆ. ಅಂಥ ಕಣಗಳನ್ನು ಕಂಡರೆ ಮೊದಲು ಕಬ್ಬಿಣದ ಕೊರತೆಯನ್ನೇ ಅನುಮಾನಿಸುತ್ತೇವೆ. ಆದರೆ ಹೊಟ್ಟೆ ತುಂಬ ಉಣ್ಣುವ, ಮನೆಯಲ್ಲಿ ಹಾಲು ತರಕಾರಿಗೆ ಕೊರತೆ ಇಲ್ಲದ ಗಂಡಸಿನ ಮೈಯಿಂದ ಕಬ್ಬಿಣ ಎಲ್ಲಿ ಹೋಯಿತು?

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ವಯಸ್ಕರ ಮೈಯಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ, ಹೆಚ್ಚು ಕಡಿಮೆ ಒಂದು ಸಣ್ಣ ಮೊಳೆಯಷ್ಟು. ದಿನವೂ ಊಟದಿಂದ ಒಳಗೆ ಸೇರುವುದು 1ರಿಂದ 2 ಮಿಲಿಗ್ರಾಂ. ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಯಿತು. ಕರುಳಿನಲ್ಲಿ ಎಲ್ಲೋ ಒಂದು ಹುಣ್ಣು ದಿನಕ್ಕೆ ಎರಡು ಟೀ ಚಮಚ, ಅಂದರೆ ಹತ್ತು ಮಿಲಿಲೀಟರ್ ರಕ್ತ ಒಸರಿಸುತ್ತಿದೆ ಅಂದುಕೊಳ್ಳಿ. ಆಗ ಹೋಗುವುದು 5 ಮಿಲಿಗ್ರಾಂ, ಬರುವುದು 2. ಮಲದಲ್ಲಿ ಬೆರೆತ ಎರಡು ಚಮಚ ರಕ್ತ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ನೋವಿಲ್ಲ, ಭೇದಿ ಇಲ್ಲ. ಆರು ತಿಂಗಳಾದ ಮೇಲೆ ದರೆ ಹತ್ತುವಾಗ ಉಸಿರು ಕಟ್ಟುತ್ತದೆ, ಅಷ್ಟೆ.

ಅವರಿಗೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ, ಮಾಡಿದಾಗ ದೊಡ್ಡ ಕರುಳಿನ ಬಲಭಾಗದಲ್ಲಿ ಗೆಡ್ಡೆ ಸಿಕ್ಕಿತು. ಬಲಭಾಗದಲ್ಲಿ ಕರುಳು ಅಗಲ, ಮಲ ಇನ್ನೂ ನೀರಾಗಿರುತ್ತದೆ. ಹಾಗಾಗಿ ಗೆಡ್ಡೆ ಸಾಕಷ್ಟು ಬೆಳೆಯುವವರೆಗೂ ಅಡ್ಡಿ ಗೊತ್ತಾಗುವುದಿಲ್ಲ. ಆ ಗೆಡ್ಡೆ ಎಂಟು ತಿಂಗಳಿಂದ ಮಾತಾಡುತ್ತಲೇ ಇತ್ತು, ಕೆಂಪು ಕಣಗಳ ಭಾಷೆಯಲ್ಲಿ. ಯಾರೂ ಕೇಳಿಸಿಕೊಳ್ಳಲಿಲ್ಲ. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣದ ಕೊರತೆ ಬಂತೆಂದರೆ ರಕ್ತ ಎಲ್ಲಿ ಸೋರುತ್ತಿದೆ ಎಂದು ಹೊಟ್ಟೆ, ಕರುಳು ಎರಡನ್ನೂ ನೋಡಲೇಬೇಕು. ಇದು ವೈದ್ಯಪುಸ್ತಕಗಳಲ್ಲಿ ಹಳೆಯ ಮಾತು. ನಮ್ಮ ಊರುಗಳಲ್ಲಿ ಅದು ತಪ್ಪಿಹೋಗಲು ಕಾರಣವೂ ನನಗೆ ಅರ್ಥವಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, ಅಂದರೆ 2019-21ರಲ್ಲಿ, ಭಾರತದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಗಂಡಸರಲ್ಲಿ 25. ಇಷ್ಟು ಜನರಿಗೆ ಇದ್ದಾಗ ಅದು ರೋಗ ಅಂತಲೇ ಅನಿಸುವುದಿಲ್ಲ. ‘ರಕ್ತ ಕಮ್ಮಿ ಅಷ್ಟೇ’ ಅನ್ನುತ್ತೇವೆ. ನನಗೆ ಬಹಳ ಸಂಕಟ ಕೊಡುವುದು ಆ ‘ಅಷ್ಟೇ’.

ಇನ್ನು ಕ್ಯಾನ್ಸರ್ ಇದೆ ಎಂದು ಗೊತ್ತಾದವರ ವಿಷಯಕ್ಕೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಗಡಿ ನಿಮಗೆ ಗೊತ್ತಿರಬಹುದು: ಗಂಡಸರಿಗೆ 13, ಬಸುರಿಯಲ್ಲದ ಹೆಂಗಸರಿಗೆ 12, ಡೆಸಿಲೀಟರಿಗೆ ಇಷ್ಟು ಗ್ರಾಂ ಎಂದು. ಯುರೋಪಿನ ಹಲವು ದೇಶಗಳ ಸುಮಾರು 15 ಸಾವಿರ ಕ್ಯಾನ್ಸರ್ ರೋಗಿಗಳನ್ನು ಆರು ತಿಂಗಳವರೆಗೆ ಗಮನಿಸಿದ ದೊಡ್ಡ ಸಮೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಸಮೀಕ್ಷೆಗೆ ಸೇರುವಾಗಲೇ 39 ಶೇಕಡಾ ಜನರ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿತ್ತು. ಮುಂದೆ ಒಂದಲ್ಲ ಒಂದು ಹೊತ್ತಿನಲ್ಲಿ ಹಾಗಾದವರು 67 ಶೇಕಡಾ. ಅವರಲ್ಲಿ ಅದಕ್ಕೆಂದು ಚಿಕಿತ್ಸೆ ಸಿಕ್ಕಿದ್ದು 39 ಶೇಕಡಾ ಜನರಿಗೆ ಮಾತ್ರ. ಅನುಕೂಲವಿರುವ ದೇಶಗಳ ಮಾತು ಇದು. ಅಲ್ಲಿಯೂ ಈ ಸುಸ್ತನ್ನು ಸಹಿಸಿಕೊಳ್ಳಬೇಕಾದದ್ದು ಎಂದೇ ಬಿಟ್ಟಿದ್ದರು.

ಕ್ಯಾನ್ಸರಿನಲ್ಲಿ ರಕ್ತ ಕಡಿಮೆಯಾಗಲು ದಾರಿಗಳು ಹಲವು. ಅದರಲ್ಲಿ ಒಂದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದು ಗೊತ್ತಿಲ್ಲದೆ ಮನೆಯವರು ರೋಗಿಯನ್ನೇ ಬೈಯುವುದನ್ನು ನೋಡಿದ್ದೇನೆ. ‘ಮಾತ್ರೆ ಸರಿಯಾಗಿ ನುಂಗಲ್ಲ ಇವರು, ಅದಕ್ಕೇ ರಕ್ತ ಏರ್ತಿಲ್ಲ’ ಎಂದು.

ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್, ಹೆಪ್ಸಿಡಿನ್ ಎಂಬ ಸಣ್ಣದೊಂದು ಪದಾರ್ಥವನ್ನು ತಯಾರಿಸುತ್ತದೆ. ಇದು ಗೊತ್ತಾಗಿದ್ದೇ 2000ದ ಆಸುಪಾಸಿನಲ್ಲಿ. ನಾನು ಎಂಬಿಬಿಎಸ್ ಓದಿದಾಗ ನಮ್ಮ ಪುಸ್ತಕದಲ್ಲಿ ಇದರ ಹೆಸರೂ ಇರಲಿಲ್ಲ. ಕರುಳಿನ ಗೋಡೆಯಿಂದ ಕಬ್ಬಿಣ ರಕ್ತಕ್ಕೆ ಇಳಿಯಲು ಒಂದು ಬಾಗಿಲಿದೆ. ಹಳೆಯ ಕೆಂಪು ಕಣಗಳನ್ನು ಒಡೆದು ಕಬ್ಬಿಣವನ್ನು ಮರಳಿ ಕೊಡುವ ಜೀವಕೋಶಗಳಲ್ಲೂ ಅದೇ ಬಾಗಿಲು. ಹೆಪ್ಸಿಡಿನ್ ಬಂದು ಆ ಬಾಗಿಲನ್ನು ಮುಚ್ಚುತ್ತದೆ. ಸೋಂಕು ತಗುಲಿದಾಗ ಇದು ಒಳ್ಳೆಯದೇ. ಬ್ಯಾಕ್ಟೀರಿಯಾ ಬೆಳೆಯಲೂ ಕಬ್ಬಿಣ ಬೇಕು, ಕಳ್ಳರು ಬಂದಾಗ ಕಣಜಕ್ಕೆ ಬೀಗ ಹಾಕಿದ ಹಾಗೆ ದೇಹ ಕಬ್ಬಿಣವನ್ನು ಅಡಗಿಸುತ್ತದೆ. ಜ್ವರ ಇಳಿದ ಮೇಲೆ ಬೀಗ ತೆಗೆಯುತ್ತದೆ. ಕ್ಯಾನ್ಸರಿನಲ್ಲಿ ಆಗುವ ಉರಿಯೂತವೂ ಲಿವರಿಗೆ ಅದೇ ಸುದ್ದಿ ಕೊಡುತ್ತದೆ. ಈ ಕಳ್ಳ ಹೋಗುವವನಲ್ಲ, ಹಾಗಾಗಿ ಬೀಗ ತಿಂಗಳುಗಟ್ಟಲೆ ಹಾಕಿಯೇ ಇರುತ್ತದೆ. ಕಣಜದಲ್ಲಿ ಭತ್ತ ತುಂಬಿದೆ, ಅಡುಗೆಮನೆಯಲ್ಲಿ ಅನ್ನವಿಲ್ಲ.

ಆಗ ನೀವು ಎಷ್ಟು ಕಬ್ಬಿಣದ ಮಾತ್ರೆ ನುಂಗಿಸಿದರೂ ಕರುಳಿನ ಬಾಗಿಲಲ್ಲೇ ನಿಂತು ಹೊರಗೆ ಹೋಗುತ್ತದೆ. ಮಲಬದ್ಧತೆ, ಹೊಟ್ಟೆ ತೊಳಸು ಮಾತ್ರ ಲಾಭ. ಪರೀಕ್ಷೆ ಮಾಡಿದರೂ ಮೋಸ ಹೋಗಬಹುದು. ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಅಂಕಿ ಉರಿಯೂತದಲ್ಲಿ ತಾನಾಗಿ ಏರುತ್ತದೆ, ‘ಕಬ್ಬಿಣ ಚೆನ್ನಾಗಿದೆ’ ಎಂದು ಕಾಣುತ್ತದೆ. ಅದರ ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎಂಬುದನ್ನೂ ನೋಡಬೇಕು. ರಕ್ತದಲ್ಲಿ ಕಬ್ಬಿಣ ಸಾಗಿಸುವ ಗಾಡಿಗಳಲ್ಲಿ ಎಷ್ಟು ತುಂಬಿವೆ ಎಂದು ಅದು ಹೇಳುತ್ತದೆ. ಅದು 20 ಶೇಕಡಾಕ್ಕಿಂತ ಕೆಳಗಿದ್ದರೆ ಮೂಳೆಮಜ್ಜೆಗೆ ಕಬ್ಬಿಣ ತಲುಪುತ್ತಿಲ್ಲ ಎಂದರ್ಥ. ಅಂಥವರಿಗೆ ಕಬ್ಬಿಣವನ್ನು ನರಕ್ಕೆ ಕೊಡುವ ಇಂಜೆಕ್ಷನ್ನುಗಳಿವೆ. ಐರನ್ ಸುಕ್ರೋಸ್, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂದು ನಿಮ್ಮ ಚೀಟಿಯಲ್ಲಿ ಬರೆದಿರುವುದು ಇವೇ. ಯಾರಿಗೆ ಬೇಕು, ಎಷ್ಟು ಬೇಕು ಎಂಬುದನ್ನು ನಿಮ್ಮ ಡಾಕ್ಟರು ನಿರ್ಧರಿಸುತ್ತಾರೆ. ನೀವು ‘ಫೆರಿಟಿನ್ ಜೊತೆ ಸ್ಯಾಚುರೇಷನ್ನೂ ನೋಡಿದಿರಾ ಸಾರ್?’ ಎಂದು ಕೇಳಬಹುದು. ಕೇಳಿದರೆ ತಪ್ಪಿಲ್ಲ.

ಈಗ ನನ್ನ ಗಾಜಿನ ಪಟ್ಟಿಗೆ ಮರಳುತ್ತೇನೆ. ಮೂಳೆಯೊಳಗಿನ ಮಜ್ಜೆ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಮೀರಿ ಕೆಂಪು ಕಣಗಳನ್ನು ಹುಟ್ಟಿಸುತ್ತದೆ. ನಾನು ಈ ವಾಕ್ಯ ಮುಗಿಸುವಷ್ಟರಲ್ಲಿ ನಿಮ್ಮೊಬ್ಬೊಬ್ಬರ ಮೈಯಲ್ಲೂ ಕೋಟಿ ದಾಟಿರುತ್ತದೆ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶದ ಕ್ಯಾನ್ಸರುಗಳು ಮೂಳೆಗೆ ಹರಡಿ ಈ ಜಾಗವನ್ನು ಆಕ್ರಮಿಸಿಕೊಂಡಾಗ ಸ್ಮಿಯರಿನಲ್ಲಿ ಎರಡು ಗುರುತು ಸಿಗುತ್ತವೆ. ಒಂದು, ಮಜ್ಜೆಯೊಳಗೇ ಇರಬೇಕಾಗಿದ್ದ ಎಳೆಯ ಕಣಗಳು, ಒಳಗಿನ ಬೀಜ ಇನ್ನೂ ಬಿಡದವು, ಹೊರಗೆ ಬಂದಿರುತ್ತವೆ. ಮನೆಯಲ್ಲಿ ಜಾಗವಿಲ್ಲದೆ ಎಳೆಮಕ್ಕಳನ್ನು ಬೀದಿಗೆ ನೂಕಿದ ಹಾಗೆ. ಇನ್ನೊಂದು, ಒಂದು ಕಡೆ ಬಾಲ ಎಳೆದ ಕಣಗಳು, ಥೇಟು ಕಣ್ಣೀರ ಹನಿ. ಇಕ್ಕಟ್ಟಿನಲ್ಲಿ ನುಸುಳಿ ಬಂದು ಆ ಆಕಾರ ಪಡೆದವು. ನಮ್ಮ ಶಾಸ್ತ್ರದಲ್ಲಿ ಅವುಗಳ ಹೆಸರೇ ಕಣ್ಣೀರ ಹನಿಯ ಕಣ. ಇಷ್ಟು ವರ್ಷಗಳಾದರೂ, ಹೆಸರು ವಿಳಾಸ ಗೊತ್ತಿಲ್ಲದ ಒಬ್ಬರ ಸ್ಮಿಯರಿನಲ್ಲಿ ಅದನ್ನು ಕಂಡಾಗ ನಾನು ಒಂದು ಗಳಿಗೆ ಕಣ್ಣು ತೆಗೆದು ಕೂರುತ್ತೇನೆ.

ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಚಿತ್ರವೇ ಬೇರೆ. ಅಲ್ಲಿ ಕೆಂಪು ಕಣಗಳು ನಾಣ್ಯ ಪೇರಿಸಿದಂತೆ ಒಂದಕ್ಕೊಂದು ಅಂಟಿ ಸಾಲುಗಟ್ಟಿರುತ್ತವೆ. ಕ್ಯಾನ್ಸರ್ ಕಣಗಳು ರಕ್ತಕ್ಕೆ ಸುರಿಯುವ ಪ್ರೋಟೀನಿನಿಂದ ಹಾಗಾಗುತ್ತದೆ. ಕೆಂಪು ಕಣಗಳು ಎಷ್ಟು ಬೇಗ ತಳಕ್ಕಿಳಿಯುತ್ತವೆ ಎಂದು ಅಳೆಯುವ ಇಎಸ್ಆರ್ ಪರೀಕ್ಷೆಯ ಅಂಕಿ ನೂರು ದಾಟುವುದೂ ಇದೇ ಕಾರಣಕ್ಕೆ. ಅರವತ್ತು ದಾಟಿದ ಅಜ್ಜಿಗೆ ಬೆನ್ನುನೋವು, ರಕ್ತ ಕಡಿಮೆ, ಇಎಸ್ಆರ್ ತುಂಬ ಹೆಚ್ಚು, ಈ ಮೂರೂ ಒಟ್ಟಿಗೆ ಬಂದರೆ ‘ವಯಸ್ಸಾಯ್ತಲ್ಲ’ ಅನ್ನಬೇಡಿ. ಮೈಲೋಮಾ ಇದೆಯೇ ಎಂದು ನೋಡಲಿ. ಲಿಂಫೋಸೈಟ್ ಎಂಬ ಬಿಳಿ ಕಣಗಳ ನಿಧಾನಗತಿಯ ರಕ್ತದ ಕ್ಯಾನ್ಸರಿನಲ್ಲಿ, ಅಂದರೆ ಲುಕೇಮಿಯಾದಲ್ಲಿ, ಕೆಲವರ ದೇಹ ತನ್ನದೇ ಕೆಂಪು ಕಣಗಳನ್ನು ಶತ್ರು ಎಂದು ತಿಳಿದು ಒಡೆಯುತ್ತದೆ. ಆಗ ನಡುವಿನ ಹಳ್ಳ ಮಾಯವಾಗಿ ಕಣಗಳು ಸಣ್ಣ ಗುಂಡುಗಳಾಗುತ್ತವೆ, ಕಣ್ಣು ಹಳದಿಯಾಗುತ್ತದೆ. ಅಲ್ಲಿ ಕಬ್ಬಿಣ ಕೊಟ್ಟು ಪ್ರಯೋಜನವಿಲ್ಲ, ಸ್ಟೀರಾಯ್ಡ್ ಬೇಕಾಗುತ್ತದೆ. ಒಂದೇ 7 ಎಂಬ ಅಂಕಿ, ಮೂವರು ರೋಗಿಗಳು, ಮೂರು ಬೇರೆ ಔಷಧಿ.

ಕೆಲವು ಕ್ಯಾನ್ಸರುಗಳಲ್ಲಿ ರಕ್ತ ಹೆಚ್ಚುವುದೂ ಉಂಟು. ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆಯಲ್ಲಿ ಮಜ್ಜೆ ಅಂಕೆ ತಪ್ಪಿ ಕೆಂಪು ಕಣಗಳನ್ನು ಹುಟ್ಟಿಸುತ್ತದೆ. ಜಾಕ್2 ಎಂಬ ಜೀನಿನಲ್ಲಾದ ಒಂದು ಬದಲಾವಣೆ ಇದಕ್ಕೆ ಕಾರಣ ಎಂದು 2005ರಲ್ಲಿ ತಿಳಿಯಿತು. ಸ್ನಾನ ಮಾಡಿದ ಮೇಲೆ ಮೈಯೆಲ್ಲ ತುರಿಕೆ, ಮುಖ ಕೆಂಪು, ಹಿಮೋಗ್ಲೋಬಿನ್ 18, 19. ‘ನಮ್ಮ ಯಜಮಾನರಿಗೆ ರಕ್ತ ಚೆನ್ನಾಗಿದೆ’ ಎಂದು ಸಂತೋಷಪಡುವ ಹಾಗಿಲ್ಲ, ರಕ್ತ ಮಂದವಾಗಿ ಹೆಪ್ಪುಗಟ್ಟುವ ಅಪಾಯವಿರುತ್ತದೆ. ಅವರಿಂದ ರಕ್ತ ತೆಗೆಯುವುದೇ ಚಿಕಿತ್ಸೆ.

ಈಗ ಚಿಕಿತ್ಸೆಯಿಂದ ಆಗುವ ರಕ್ತಹೀನತೆ. ಕೀಮೋ ವೇಗವಾಗಿ ಹೆಚ್ಚುವ ಕಣಗಳನ್ನು ಹೊಡೆಯುತ್ತದೆ. ಮಜ್ಜೆಯಲ್ಲಿರುವುದೆಲ್ಲ ಅಂಥವೇ. ಬಿಳಿ ಕಣಗಳ ಆಯುಸ್ಸು ಚಿಕ್ಕದು, ಹಾಗಾಗಿ ಕೀಮೋ ಆಗಿ ಎರಡು ವಾರದೊಳಗೇ ಕೌಂಟ್ ಇಳಿಯುತ್ತದೆ, ಆಮೇಲೆ ಚೇತರಿಸಿಕೊಳ್ಳುತ್ತದೆ. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಹೊಸದು ಬರುವುದು ನಿಂತರೂ ಹಳೆಯವು ಸ್ವಲ್ಪ ದಿನ ಸಂಸಾರ ತೂಗಿಸುತ್ತವೆ. ಅದಕ್ಕೇ ಹಿಮೋಗ್ಲೋಬಿನ್ ಒಂದೇ ಸಲ ಬೀಳದೆ ಮೊದಲ ಸೈಕಲ್ಲಿಗೆ 11, ಮೂರನೆಯದಕ್ಕೆ 9.5, ಐದನೆಯದಕ್ಕೆ 8 ಎಂದು ಮೆಟ್ಟಿಲಿಳಿಯುತ್ತದೆ. ಹೀಗೆ ನಿಧಾನವಾಗಿ ಇಳಿದಾಗ ದೇಹವೂ ಒಗ್ಗಿಕೊಳ್ಳುತ್ತದೆ, ಮನೆಯವರೂ ಒಗ್ಗಿಕೊಳ್ಳುತ್ತಾರೆ.

ನನ್ನ ಅಕ್ಕನ ವಿಷಯದಲ್ಲಿ ಆದದ್ದೂ ಇದೇ. ಅವಳಿಗೆ ಸ್ತನದ ಕ್ಯಾನ್ಸರು. ಪ್ರತಿ ಕೀಮೋಗೆ ಮೊದಲು ರಿಪೋರ್ಟನ್ನು ನನಗೆ ಕಳಿಸುತ್ತಿದ್ದಳು. ‘ಕೌಂಟ್ ಬಂತಾ?’ ಎಂದು ಬಿಳಿ ಕಣ, ಪ್ಲೇಟ್ಲೆಟ್ ಎರಡನ್ನೇ ನಾನು ನೋಡುತ್ತಿದ್ದೆ. ಕೀಮೋ ಮುಂದೆ ಹೋಗುತ್ತದೋ ಇಲ್ಲವೋ ಎಂಬುದು ಬಹುಪಾಲು ಅದರ ಮೇಲೆ ತಾನೇ ನಿಂತಿರುವುದು. ಒಂದು ದಿನ ಅವಳ ಮನೆಗೆ ಹೋದಾಗ ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಏಳಲು ಗೋಡೆ ಹಿಡಿದಳು, ಎದ್ದವಳು ಕಣ್ಣು ಕತ್ತಲೆ ಬಂದು ಹಾಗೇ ನಿಂತಳು. ‘ಏನೇ ಇದು, ಹೇಳಬಾರದಾ?’ ಅಂದೆ. ‘ಬಿಡೇ, ಕೀಮೋ ಅಂದ್ಮೇಲೆ ಸುಸ್ತು ಇರದೇ ಇರುತ್ತಾ’ ಅಂದಳು. ಹಿಮೋಗ್ಲೋಬಿನ್ 7.6 ಆಗಿತ್ತು. ಅದೇ ಕಾಗದದಲ್ಲಿ, ನಾನು ಓದಿದ ಸಾಲಿನ ಎರಡು ಸಾಲು ಮೇಲೆ. ಬೇರೆಯವರ ಸ್ಮಿಯರನ್ನು ದಿನವೆಲ್ಲ ನೋಡುವ ನಾನು ನನ್ನ ಅಕ್ಕನ ಸ್ಮಿಯರನ್ನು ನೋಡಿರಲಿಲ್ಲ. ನೋಡಿದಾಗ ಕೆಂಪು ಕಣಗಳು ದೊಡ್ಡದಾಗಿ, ಮೊಟ್ಟೆಯಾಕಾರದಲ್ಲಿದ್ದವು. ಬಿಳಿ ಕಣಗಳ ಬೀಜ ಆರೇಳು ತುಂಡಾಗಿತ್ತು. ಬಿ12 ಕೊರತೆಯ ಸ್ಪಷ್ಟ ಚಿತ್ರ. ಅವಳು ಸಸ್ಯಾಹಾರಿ, ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದಳು. ಆ ಮಾತ್ರೆ ದೀರ್ಘಕಾಲದಲ್ಲಿ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಕೀಮೋದ ಹೆಸರಿನಲ್ಲಿ ನಾವೆಲ್ಲ ಒಪ್ಪಿಕೊಂಡಿದ್ದ ಸುಸ್ತಿನ ಬಹುಭಾಗ ಅಗ್ಗದ ಇಂಜೆಕ್ಷನ್ನಿನಿಂದ ಹೋಗುವಂಥದ್ದಾಗಿತ್ತು. ಹೋಯಿತು ಕೂಡ. ಅವಳು ಸುಮ್ಮನೆ ಅನುಭವಿಸಿದ ಆ ಎರಡು ತಿಂಗಳು ನನ್ನ ಲೆಕ್ಕದಲ್ಲಿದೆ.

ಹೊಟ್ಟೆಯ ಕ್ಯಾನ್ಸರಿಗೆ ಜಠರ ತೆಗೆಸಿಕೊಂಡವರಿಗೂ ಬಿ12 ಹೀರಿಕೆ ನಿಂತುಹೋಗುತ್ತದೆ. ಲಿವರಿನಲ್ಲಿ ದಾಸ್ತಾನು ಇರುವುದರಿಂದ ಕೊರತೆ ಕಾಣಲು ಕೆಲವು ವರ್ಷ ಬೇಕು. ಅಷ್ಟರಲ್ಲಿ ಕ್ಯಾನ್ಸರ್ ವಾಸಿಯಾಗಿ ಆಸ್ಪತ್ರೆಯ ನಂಟು ಬಿಟ್ಟಿರುತ್ತದೆ. ಜಠರ ಪೂರ್ತಿ ತೆಗೆಸಿದವರಿಗೆ ಬಿ12 ಜೀವನಪೂರ್ತಿ ಬೇಕು, ಡಿಸ್ಚಾರ್ಜ್ ಸಮರಿ ಎತ್ತಿಟ್ಟು ಮರೆತುಬಿಡಬೇಡಿ.

ದೊಡ್ಡ ಕೆಂಪು ಕಣದ ಮಾತು ಬಂದಾಗ ಇತಿಹಾಸದ ಒಂದು ಎಳೆ ಹೇಳದೆ ಮುಂದೆ ಹೋಗಲಾರೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳ ಬಡ ಬಸುರಿಯರಿಗೆ ಬರುತ್ತಿದ್ದ, ಕೆಂಪು ಕಣ ದೊಡ್ಡದಾಗುವ ತೀವ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿ, ಈಸ್ಟ್ ಸಾರದಿಂದ ಅದು ಗುಣವಾಗುತ್ತದೆ ಎಂದು ತೋರಿಸಿದರು. ಅದರಲ್ಲಿದ್ದದ್ದು ಫೋಲಿಕ್ ಆಮ್ಲ ಎಂದು ಆಮೇಲೆ ತಿಳಿಯಿತು. ಫೋಲಿಕ್ ಆಮ್ಲವಿಲ್ಲದೆ ರಕ್ತ ಕಣ ಬೆಳೆಯುವುದಿಲ್ಲ ಎಂದಾದರೆ, ಅದನ್ನು ತಡೆದರೆ ಲುಕೇಮಿಯಾದ ಕಣವೂ ಬೆಳೆಯಲಾರದಲ್ಲ? ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಯೆಲ್ಲಪ್ರಗಡ ಸುಬ್ಬರಾವ್ ಅವರ ಪ್ರಯೋಗಾಲಯ ಅಂಥ ತಡೆ ಔಷಧಿಯನ್ನು ತಯಾರಿಸಿತು. ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಅದನ್ನು ಲುಕೇಮಿಯಾ ಇದ್ದ ಮಕ್ಕಳಿಗೆ ಕೊಟ್ಟು, 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೆಥೋಟ್ರೆಕ್ಸೇಟ್ ಆ ಔಷಧಿಯ ತಂಗಿ, ಇಂದಿಗೂ ಬಳಕೆಯಲ್ಲಿದೆ. ಮುಂಬಯಿಯ ಗಿರಣಿ ಹೆಂಗಸರ ರಕ್ತಹೀನತೆಯಿಂದ ಕೀಮೋಥೆರಪಿಯ ಆರಂಭಕ್ಕೆ ಹೀಗೊಂದು ದಾರಿ ಇದೆ ಎಂಬುದು ನನಗೆ ಯಾವಾಗ ನೆನೆದರೂ ಮೈ ಜುಮ್ಮೆನ್ನಿಸುವ ಸಂಗತಿ.

‘ಕರೆಂಟ್ ಕೊಡಿಸುತ್ತಿದ್ದೇವೆ’ ಅನ್ನುತ್ತೀರಲ್ಲ, ಆ ರೇಡಿಯೇಷನ್ನಿಗೂ ರಕ್ತಕ್ಕೂ ಸಂಬಂಧವಿದೆ. ಆಮ್ಲಜನಕವನ್ನು ಹೊತ್ತು ತರುವುದು ಕೆಂಪು ಕಣಗಳು, ಅದು ಚೆನ್ನಾಗಿರುವ ಜಾಗದಲ್ಲಿ ಕಿರಣಗಳ ಪೆಟ್ಟು ಎರಡೂವರೆಯಿಂದ ಮೂರು ಪಟ್ಟು ಜೋರು. ಗರ್ಭಕೊರಳಿನ ಕ್ಯಾನ್ಸರಿನ ಹೆಂಗಸರು ತಿಂಗಳುಗಟ್ಟಲೆ ರಕ್ತಸ್ರಾವವಾಗಿ, ನಾಚಿಕೆಯಿಂದ ಯಾರಿಗೂ ಹೇಳದೆ, ಹಿಮೋಗ್ಲೋಬಿನ್ 6ಕ್ಕೆ ಇಳಿದ ಮೇಲೆ ಬರುತ್ತಾರೆ. ರೇಡಿಯೇಷನ್ ಶುರುಮಾಡುವ ಮೊದಲು ರಕ್ತ ಸರಿಪಡಿಸಲು ಡಾಕ್ಟರು ಒತ್ತಾಯಿಸಿದರೆ ಅದು ಕಾಲಹರಣ ಎಂದು ತಿಳಿಯಬೇಡಿ.

ಇನ್ನು ರಕ್ತ ಏರಿಸುವುದು. ಒಂದು ಬಾಟಲಿ ಕೆಂಪು ಕಣ ಕೊಟ್ಟರೆ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರುತ್ತದೆ. ನಾವು ಬಾಟಲಿ ಅನ್ನುವುದು ಹಳೆಯ ಅಭ್ಯಾಸ, ಈಗ ಇರುವುದು ಚೀಲ. 7ಕ್ಕಿಂತ ಕೆಳಗೆ ಬಂದರೆ ಸಾಮಾನ್ಯವಾಗಿ ಕೊಡುತ್ತಾರೆ. ಹೃದಯದ ತೊಂದರೆ ಇದ್ದವರಿಗೆ 8ರಲ್ಲೇ. ಏದುಸಿರು, ಎದೆನೋವು ಇದ್ದರೆ ಅಂಕಿ ನೋಡದೆ ರೋಗಿಯನ್ನು ನೋಡಿ ತೀರ್ಮಾನಿಸುತ್ತಾರೆ. ‘9 ಇದೆ, ಒಂದು ಬಾಟಲಿ ಹಾಕಿಬಿಡಿ, ಚೈತನ್ಯ ಬರಲಿ’ ಎಂದು ಒತ್ತಾಯ ಮಾಡುವ ಮನೆಯವರಿದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ರಕ್ತವೂ ಒಂದು ಔಷಧಿ, ಅದಕ್ಕೂ ಅಡ್ಡಪರಿಣಾಮವಿದೆ. ಚೀಲ ಹಾಕಿದ ಮೊದಲ ಹದಿನೈದು ನಿಮಿಷ ರೋಗಿಯ ಪಕ್ಕದಲ್ಲೇ ಇರಿ. ಚಳಿ, ನಡುಕ, ತುರಿಕೆ, ಸೊಂಟದಲ್ಲಿ ನೋವು, ಉಸಿರಾಟದ ಕಷ್ಟ ಏನೇ ಕಂಡರೂ ತಕ್ಷಣ ಸಿಸ್ಟರನ್ನು ಕರೆಯಿರಿ. ಆಮೇಲೆ ಹೇಳೋಣ ಎಂದು ಕಾಯಬೇಡಿ.

ರಕ್ತ ಏರಿಸದೆ ಮಜ್ಜೆಯನ್ನೇ ಕೆಲಸಕ್ಕೆ ಹಚ್ಚುವ ಇಂಜೆಕ್ಷನ್ ಇದೆ, ಎರಿಥ್ರೋಪೊಯೆಟಿನ್. ನಮ್ಮ ಮೂತ್ರಪಿಂಡಗಳು ಸ್ವತಃ ಇದನ್ನು ತಯಾರಿಸುತ್ತವೆ. ಸಿಸ್‌ಪ್ಲಾಟಿನ್ ತರಹದ ಕೀಮೋ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟಾಗ ರಕ್ತ ಇಳಿಯಲು ಇದೂ ಒಂದು ಕಾರಣ. ಇದನ್ನು ಶುದ್ಧರೂಪದಲ್ಲಿ ಪಡೆದ ಕತೆ ಸೊಗಸಾಗಿದೆ. ಷಿಕಾಗೋದ ಯೂಜೀನ್ ಗೋಲ್ಡ್‌ವಾಸರ್ ಇಪ್ಪತ್ತು ವರ್ಷ ಇದರ ಬೆನ್ನು ಹತ್ತಿದ್ದರು. ಕುರಿಗಳ ರಕ್ತದಿಂದ ಪ್ರಯತ್ನಿಸಿ ಸಾಕಾಗಿದ್ದರು. ಜಪಾನಿನ ಕುಮಾಮೊಟೊದಲ್ಲಿ ತಕಾಜಿ ಮಿಯಾಕೆ ಎಂಬ ವಿಜ್ಞಾನಿ, ಮಜ್ಜೆ ಬತ್ತಿಹೋದ ರೋಗಿಗಳ ಮೂತ್ರವನ್ನು ಸಂಗ್ರಹಿಸಿದರು, ಒಟ್ಟು 2,550 ಲೀಟರ್. ಮಜ್ಜೆ ಕೆಲಸ ಮಾಡದಿದ್ದಾಗ ಮೂತ್ರಪಿಂಡ ‘ಇನ್ನಷ್ಟು, ಇನ್ನಷ್ಟು’ ಎಂದು ಕೂಗಿ ಕರೆಯುವುದರಿಂದ ಅಂಥವರ ಮೂತ್ರದಲ್ಲಿ ಈ ಪದಾರ್ಥ ಹೇರಳ. ಅದನ್ನು ಒಣಗಿಸಿ ಷಿಕಾಗೋಗೆ ತಂದುಕೊಟ್ಟರು. ಅದರಿಂದ ಸಿಕ್ಕ ಶುದ್ಧ ಪದಾರ್ಥ ಕೆಲವೇ ಮಿಲಿಗ್ರಾಂ. 1977ರಲ್ಲಿ ಪ್ರಕಟವಾಯಿತು, ಮುಂದೆ ಅದರಿಂದ ಜೀನ್ ಸಿಕ್ಕಿತು, 1989ರಲ್ಲಿ ಅಮೆರಿಕದಲ್ಲಿ ಕಿಡ್ನಿ ರೋಗಿಗಳಿಗೆ ಔಷಧಿಯಾಗಿ ಒಪ್ಪಿಗೆಯಾಯಿತು.

ಕ್ಯಾನ್ಸರ್ ರೋಗಿಗಳಿಗೂ ಧಾರಾಳವಾಗಿ ಕೊಟ್ಟರು. 2003ರಲ್ಲಿ ಬೇರೆ ಸುದ್ದಿ ಬಂತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ, ಇಂಜೆಕ್ಷನ್ ಪಡೆದವರ ಹಿಮೋಗ್ಲೋಬಿನ್ ಏರಿತು, ಆದರೆ ಕ್ಯಾನ್ಸರ್ ಹತೋಟಿ ಇನ್ನೂ ಕೆಟ್ಟಿತು. ಸ್ತನದ ಕ್ಯಾನ್ಸರಿನ ಇನ್ನೊಂದು ಪರೀಕ್ಷೆಯಲ್ಲೂ ಸಾವು ಹೆಚ್ಚಾಗಿ ಕಂಡಿತು. ರಕ್ತ ಹೆಪ್ಪುಗಟ್ಟುವ ಅಪಾಯವೂ ಇತ್ತು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದರ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು. ಇಂದು ಅದನ್ನು ಕೊಡುವುದು ಕೀಮೋ ನಡೆಯುತ್ತಿದ್ದು ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿರುವವರಿಗೆ, ಅದೂ ಪೂರ್ತಿ ಗುಣಪಡಿಸುವ ಗುರಿಯ ಚಿಕಿತ್ಸೆ ಅಲ್ಲದಿರುವಾಗ. ಅಂಕಿ ಏರಿದರೆ ಸಾಕು ಎಂದು ಹೊರಟು ಎಡವಿದ್ದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ.

ಸಮಯ ಮೀರಿದೆ, ಪ್ರಶ್ನೆಗಳಿಗೆ ಬರೋಣ.

ಒಬ್ಬ ತಾಯಿ ಕೇಳಿದರು: ‘ದಿನಾ ಬೀಟ್‌ರೂಟ್ ಜ್ಯೂಸು, ದಾಳಿಂಬೆ ಕೊಡ್ತಿದೀನಿ ಮೇಡಂ, ಆದ್ರೂ ರಕ್ತ ಆಗ್ತಿಲ್ಲ.’

ಅಮ್ಮಾ, ಕೊಡಿ, ಅವರಿಗೆ ರುಚಿಸಿದರೆ ಖಂಡಿತ ಕೊಡಿ. ಆದರೆ ಬೀಟ್‌ರೂಟಿನ ಕೆಂಪೇ ಬೇರೆ, ರಕ್ತದ ಕೆಂಪೇ ಬೇರೆ. ಬಣ್ಣ ಒಂದೇ ಎಂದು ನಂಬಿದ್ದೇವೆ. ನಿಜವಾಗಿ ಕಬ್ಬಿಣ ಬೇಕಾದರೆ ಕಾಳುಗಳು, ಸೊಪ್ಪು, ತಿನ್ನುವವರಾದರೆ ಮಾಂಸ. ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿ. ಊಟದ ಜೊತೆಗೇ ಕಾಫಿ ಟೀ ಬೇಡ, ಅವು ಕಬ್ಬಿಣವನ್ನು ಹಿಡಿದಿಡುತ್ತವೆ. ಇಷ್ಟೆಲ್ಲ ಮಾಡಿದರೂ ನಾನು ಹೇಳಿದ ಆ ಬೀಗ ಬಿದ್ದಿದ್ದರೆ ಊಟದಿಂದ ರಕ್ತ ಏರುವುದಿಲ್ಲ. ಅದು ನಿಮ್ಮ ಕೈಅಡುಗೆಯ ತಪ್ಪಲ್ಲ. ದಯವಿಟ್ಟು ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಇನ್ನೊಬ್ಬರು ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದರ ಬಗ್ಗೆ ಹೆದರಿದ್ದರು. ಕಪ್ಪು ಬಣ್ಣ ಸಹಜ. ಟಾರಿನಂತೆ ಅಂಟಂಟಾಗಿ, ವಿಪರೀತ ದುರ್ನಾತವಿದ್ದರೆ ಮಾತ್ರ ಅದು ಒಳಗೆ ರಕ್ತ ಸೋರುತ್ತಿರುವ ಗುರುತು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೊನೆಯ ಸಾಲಿನಲ್ಲಿ ನಿಂತಿದ್ದ ಹುಡುಗನೊಬ್ಬ, ಇಪ್ಪತ್ತು ಇಪ್ಪತ್ತೊಂದು ವರ್ಷ ಇರಬೇಕು, ತುಂಬ ಹೊತ್ತು ಕೈ ಎತ್ತದೆ ನಿಂತಿದ್ದು ಕೊನೆಗೆ ಕೇಳಿದ: ‘ಅಪ್ಪಂಗೆ ಲಿಂಫೋಮಾ. ನಂದೂ ಅವ್ರದ್ದೂ ಒಂದೇ ಗ್ರೂಪ್. ನನ್ ರಕ್ತಾನೇ ಅವ್ರಿಗೆ ಹಾಕಿ ಅಂದ್ರೆ ಬೇಡ ಅಂದ್ರು. ಯಾಕೆ?’

ಅವರು ಸರಿಯಾಗಿಯೇ ಹೇಳಿದ್ದಾರಪ್ಪ. ನಿನ್ನ ರಕ್ತದಲ್ಲಿ ಕೆಂಪು ಕಣಗಳ ಜೊತೆ ಸ್ವಲ್ಪ ಬಿಳಿ ಕಣಗಳೂ ಹೋಗುತ್ತವೆ. ಹೊರಗಿನವರದ್ದಾದರೆ ಅಪ್ಪನ ದೇಹ ಅವನ್ನು ಗುರುತಿಸಿ ಹೊರಗಟ್ಟುತ್ತದೆ. ನಿನ್ನದು ಅವರ ದೇಹಕ್ಕೆ ತನ್ನದೇ ಅನಿಸಬಹುದು, ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತದೆ. ಆ ಕಣಗಳು ಅಲ್ಲಿ ಬೇರೂರಿ ಅವರ ಮಜ್ಜೆಯ ಮೇಲೆಯೇ ತಿರುಗಿಬೀಳುವ ಸಾಧ್ಯತೆ ಇದೆ. ಬಹಳ ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ. ಅದಕ್ಕೇ ಹತ್ತಿರದ ನೆಂಟರ ರಕ್ತವನ್ನು, ವಿಕಿರಣ ಹಾಯಿಸದೆ, ಇಂಥ ರೋಗಿಗಳಿಗೆ ಕೊಡುವುದಿಲ್ಲ.

‘ಹಂಗಾದ್ರೆ ನಾನೇನೂ ಮಾಡಕ್ಕಾಗಲ್ವಾ?’ ಅಂದ.

ಅವನ ತೂಕ ಕೇಳಿದೆ, ಐವತ್ತಾರು ಕೆಜಿ ಅಂದ. ತೂಕ ಸಾಕಪ್ಪ. ಹಿಮೋಗ್ಲೋಬಿನ್ ಹನ್ನೆರಡೂವರೆ ಇದ್ದರೆ ಸಾಕು, ನೀನು ಕೊಡಬಹುದು. ಭಾರತದಲ್ಲಿ ದುಡ್ಡಿಗೆ ರಕ್ತ ಮಾರುವುದು 1998ರ ಜನವರಿಯಿಂದ ನಿಷೇಧ. ಹಾಗಾಗಿ ನಿನ್ನಪ್ಪನಿಗೆ ಬರುವ ಒಂದೊಂದು ಚೀಲವೂ ಯಾರೋ ಮನಸ್ಸು ಮಾಡಿ ಕೊಟ್ಟದ್ದೇ. ಬ್ಲಡ್ ಬ್ಯಾಂಕಿಗೆ ಹೋಗಿ ಕೊಡು, ಯಾರ ಹೆಸರಿಗೂ ಬರೆಸಬೇಡ. ನಿನ್ನದು ಯಾರಿಗೋ ಹೋಗುತ್ತದೆ, ಯಾರದ್ದೋ ನಿನ್ನಪ್ಪನಿಗೆ ಬರುತ್ತದೆ. ಮೂರು ತಿಂಗಳು ಬಿಟ್ಟು ಮತ್ತೆ ಕೊಡಬಹುದು.

ಬ್ಲಡ್ ಬ್ಯಾಂಕು ಭಾನುವಾರ ತೆರೆದಿರುತ್ತದಾ ಎಂದು ಕೇಳಿದ. ತೆರೆದಿರುತ್ತದೆ ಎಂದೆ. ಅವನ ಪಕ್ಕದಲ್ಲಿದ್ದ ಇನ್ನಿಬ್ಬರೂ ಅವನ ಜೊತೆಗೆ ಹೊರಟರು.